ಬಾಂಧವ್ಯ ವಿಭಾಗ

ಮೂರು ವರ್ಷ ಓದಿಸಿ, ಕೈಗೊಂದು ಪದವಿ ಪತ್ರ ಕೊಟ್ಟು, ಇನ್ನು ನಿನ್ನ ದಾರಿ ನೋಡಿಕೋ ಎಂದು ಹೊರಗೆ ಕಳಿಸಿದ ವಿಶ್ವವಿದ್ಯಾಲಯವೇ, ಎಲ್ಲೂ ಕೆಲಸ ಸಿಗದೆ ಚಪ್ಪಲಿ ಸವೆಸುತ್ತಿದ್ದ ಗುಬ್ಬಿಯನ್ನು ಕೊನೆಗೆ ವಾಪಸ್ಸು ಕರೆದು ಕೆಲಸ ಕೊಟ್ಟಿತು. ಕೆಲಸ ಇಷ್ಟೇ. ಇದೇ ವಿಶ್ವವಿದ್ಯಾಲಯದಲ್ಲಿ ಓದಿ, ಒಳ್ಳೆಯ ನೌಕರಿ ಹಿಡಿದು, ಚೆನ್ನಾಗಿ ಸಂಪಾದಿಸಿ, ಈಗ ವಯಸ್ಸಾಗಿ ಕೂತವರನ್ನು ಹುಡುಕಿ ಅವರ ಹತ್ತಿರ ದೇಣಿಗೆ ಕೇಳಬೇಕು. ಇಲ್ಲಿ ಓದಿ ಒಳ್ಳೆಯ ನೌಕರಿ ಹಿಡಿದವರು ಇದ್ದಾರೆಯೇ ಎಂದು ಯಾರಾದರೂ ಅನುಮಾನಿಸಬಹುದು. ಇದ್ದಾರೆ. ಎಲ್ಲರೂ ಅರವತ್ತು ದಾಟಿದವರು.

ಆಡಳಿತ ಕಟ್ಟಡದ ನೆಲಮಾಳಿಗೆಯಲ್ಲಿ, ನೀರಿನ ಪಂಪಿನ ಕೋಣೆಗೆ ತಾಗಿಕೊಂಡು ಆ ಕಚೇರಿ ಇತ್ತು. ಹಿಂದೆ ಅದರ ಬಾಗಿಲ ಮೇಲೆ 'ದೇಣಿಗೆ ಶಾಖೆ' ಎಂಬ ಫಲಕವಿತ್ತು. ಹೊಸ ನಿರ್ದೇಶಕಿ ಬಂದವರೇ ಅದನ್ನು ಕೀಳಿಸಿ 'ಬಾಂಧವ್ಯ ವಿಭಾಗ' ಎಂದು ಹಾಕಿಸಿದರು. ದುಡ್ಡು ಎಂಬ ಮಾತು ಅವರ ಬಾಯಿಂದ ಬಿದ್ದದ್ದನ್ನು ಕೇಳಿದವರಿಲ್ಲ. ದುಡ್ಡಿಗೆ ಅವರು 'ಬೆಂಬಲ' ಎನ್ನುತ್ತಿದ್ದರು, ದುಡ್ಡಿರುವವರಿಗೆ 'ಗೆಳೆಯರು' ಎನ್ನುತ್ತಿದ್ದರು. ಸತ್ತ ಮೇಲೆ ಆಸ್ತಿ ಬರೆದುಕೊಡುವುದಕ್ಕೆ 'ನಾಳೆಯ ಕೊಡುಗೆ' ಎಂದು ಹೆಸರಿಟ್ಟಿದ್ದರು. ಪಂಪು ಶುರುವಾದರೆ ಮೇಜುಗಳೆಲ್ಲ ಅದುರುತ್ತಿದ್ದವು. ಆಗ ಫೋನಿನಲ್ಲಿದ್ದವರು "ನಿಮ್ಮ ಮಂಡಿನೋವು ಈಗ ಹೇಗಿದೆ?" ಎಂಬ ಪ್ರೀತಿಯ ಮಾತನ್ನು ಸಂತೆಯಲ್ಲಿ ಕೂಗಿದ ಹಾಗೆ ಕೂಗಬೇಕಾಗುತ್ತಿತ್ತು.

ಗುಬ್ಬಿಯ ಜೊತೆಗೆ ಸೇರಿಕೊಂಡ ಇನ್ನೊಬ್ಬ ಹೊಸಬನನ್ನು ಎಲ್ಲರೂ ಬೆಣ್ಣೆ ಎನ್ನುತ್ತಿದ್ದರು. ಪ್ರಾಣಿಶಾಸ್ತ್ರ ಓದಿದ ಹುಡುಗ. ಅವನು ಮಾತಾಡಿದರೆ ಸಿಟ್ಟಿನಲ್ಲಿ ಬಂದವರೂ ತಣ್ಣಗಾಗಿ, ಹೋಗುವಾಗ ಅವನ ತಾಯಿಯ ಆರೋಗ್ಯ ವಿಚಾರಿಸಿ ಹೋಗುತ್ತಿದ್ದರು. ತರಬೇತಿಯಲ್ಲಿ ನಿರ್ದೇಶಕಿ ಮೇಡಂ ತಾವೇ ಶ್ರೀಮಂತ ಮುದುಕನ ಪಾತ್ರ ಹಾಕಿ ಕುರ್ಚಿಯಲ್ಲಿ ಕೂರುತ್ತಿದ್ದರು. ಮುದುಕನಿಗೆ ಒಂದು ಕಿವಿ ಮಂದ, ಯಾವುದು ಅಂತ ಹೇಳುತ್ತಿರಲಿಲ್ಲ. ಗುಬ್ಬಿ ಮಂದವಾದ ಕಿವಿಯ ಕಡೆ ಕೂತು ಅರ್ಧ ಗಂಟೆ ವಿಶ್ವವಿದ್ಯಾಲಯದ ಗುಣಗಾನ ಮಾಡಿ ಬೈಸಿಕೊಂಡಳು. ಬೆಣ್ಣೆ ನೇರ ಎದುರಿಗೆ ಹೋಗಿ, ಕಾಲ ಬುಡದಲ್ಲಿ ಕೂತು, "ನಿಮ್ಮನ್ನ ನೋಡಿದ್ರೆ ನಮ್ಮ ತಾತನ ನೆನಪಾಗುತ್ತೆ" ಎಂದ. ಮೇಡಂ ಕಣ್ಣಲ್ಲಿ ನೀರು ಬಂತು. ಅವನ ತಾತ ಅವನು ಹುಟ್ಟುವ ಮೊದಲೇ ಹೋಗಿದ್ದ ಎಂದು ಆಮೇಲೆ ಗುಬ್ಬಿಗೆ ಅವನೇ ಹೇಳಿದ.

ಗುಬ್ಬಿಯೂ ಏನು ಕಡಿಮೆ ಇರಲಿಲ್ಲ. ಕಚೇರಿಯ ಬಣ್ಣದ ಕೈಪಿಡಿಯಲ್ಲಿ, ಮರದ ಕೆಳಗೆ ರಸಾಯನಶಾಸ್ತ್ರದ ಪುಸ್ತಕ ಹಿಡಿದು ಹಲ್ಲು ಕಿರಿಯುತ್ತಿರುವ ವಿದ್ಯಾರ್ಥಿನಿ ಅವಳೇ. ಅವಳು ಓದಿದ್ದು ಇತಿಹಾಸ. ಅವಳ ಪಾಲಿಗೆ ಬಂದ 'ಗೆಳತಿ' ಒಬ್ಬ ನ್ಯಾಯಾಧೀಶರ ವಿಧವೆ. ಆ ಅಜ್ಜಿಗೆ ಯಾವ ಮಂಡಿ ನೋಯುತ್ತದೆ, ಯಾವ ಅಳಿಯ ಫೋನ್ ಮಾಡುವುದಿಲ್ಲ, ಬೆಕ್ಕು ಯಾವ ಕುರ್ಚಿಯಲ್ಲಿ ಮಲಗುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ವಾರಕ್ಕೊಮ್ಮೆ ಹೋಗಿ ಆ ಅಜ್ಜಿಯ ಬಾಲ್ಯವನ್ನು ಕೇಳಿ ಬರುತ್ತಿದ್ದಳು. ಬಾಲ್ಯ ಇನ್ನೂ ಏಳನೇ ವಯಸ್ಸು ದಾಟಿರಲಿಲ್ಲ, ಬೆಂಬಲ ಬರುವ ವಯಸ್ಸು ಬಹಳ ದೂರವಿತ್ತು. ಕೆಲಸ ಕಾಯಂ ಆಗಬೇಕಾದರೆ ತರಬೇತಿಯ ಅವಧಿ ಮುಗಿಯುವುದರೊಳಗೆ ಒಂದಾದರೂ ಕೊಡುಗೆ ಅವಳ ಹೆಸರಿನಲ್ಲಿ ಬರಬೇಕಿತ್ತು.

ಹೀಗಿರುವಾಗ ಒಂದು ಸೋಮವಾರದ ಸಭೆಯಲ್ಲಿ ಮೇಡಂ ಪರದೆಯ ಮೇಲೆ ಹೊಸ ಗೆಳೆಯರನ್ನು ತೋರಿಸುತ್ತಿದ್ದರು.

"ಇವರನ್ನ ನೋಡಿ. ಒಂಟಿ ಹೆಂಗಸು. ವಯಸ್ಸಾಗಿದೆ. ಮಕ್ಕಳಿಲ್ಲ. ಸ್ವಂತ ಕಟ್ಟಡ. ಎದುರಿಗೇ ಹೊಸ ರೈಲು ನಿಲ್ದಾಣ ಬಂದಿದೆ, ಆ ಬೀದಿಗೆ ಈಗ ಏನು ಬೆಲೆ ಅಂತ ನಾನು ಹೇಳಬೇಕಾಗಿಲ್ಲ."

ಪರದೆಯ ಮೇಲೆ ಕಟ್ಟಡದ ಚಿತ್ರ ಬಂತು. ಕೆಳಗೆ ಕನ್ನಡಕದ ಅಂಗಡಿ, ಮೇಲೆ ಮನೆ, ಮನೆಗೊಂದು ಬಾಲ್ಕನಿ, ಬಾಲ್ಕನಿಯ ಕಂಬಿಯ ಮೇಲೆ ಒಣಹಾಕಿದ ಒಂದು ಹಳದಿ ಟವೆಲ್. ಗುಬ್ಬಿ ಮೊದಲು ಗುರುತು ಹಿಡಿದದ್ದು ಟವೆಲ್ಲನ್ನು. ಅದು ಅವಳದೇ.

ಅದು ಅವಳ ದೊಡ್ಡಮ್ಮನ ಮನೆ. ನಾಲ್ಕು ವರ್ಷದವಳಿದ್ದಾಗ ಅಮ್ಮ ತೀರಿಹೋದಳು, ಅಪ್ಪ ಇನ್ನೊಂದು ಮದುವೆಯಾಗಿ ಬೇರೆ ಊರು ಸೇರಿದ. ಅಂದಿನಿಂದ ಅಮ್ಮನ ಅಕ್ಕನೇ ಅವಳಿಗೆ ತಾಯಿ, ಆ ಮನೆಯೇ ಅವಳ ಮನೆ. ಈಗ ಕನ್ನಡಕದವರಿಗೆ ಬಾಡಿಗೆಗೆ ಕೊಟ್ಟಿರುವ ಕೆಳಗಿನ ಜಾಗದಲ್ಲೇ ದೊಡ್ಡಮ್ಮ ಹಿಂದೆ ಗುಂಡಿ, ದಾರ, ಝಿಪ್ಪು ಮಾರುವ ಅಂಗಡಿ ನಡೆಸಿ ಅವಳನ್ನು ಸಾಕಿದ್ದಳು. ತನ್ನ ನಂತರ ಈ ಮನೆ ನಿನಗೆ ಎಂದು ದೊಡ್ಡಮ್ಮ ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ, ಗುಬ್ಬಿ ಕೇಳಿಯೂ ಇರಲಿಲ್ಲ. ಅದು ಕೇಳುವ ವಿಷಯವೇ ಅಲ್ಲ ಎಂದುಕೊಂಡಿದ್ದಳು. ಕೆಲಸವಿಲ್ಲದ ದಿನಗಳಲ್ಲೂ ಅವಳಿಗೆ ರಾತ್ರಿ ನಿದ್ದೆ ಬರುತ್ತಿದ್ದುದು ಆ ಒಂದು ಧೈರ್ಯದಿಂದ.

ಮಕ್ಕಳಿಲ್ಲವಂತೆ! ಹಾಗಾದರೆ ನಾನೇನು, ಬಾಲ್ಕನಿಯಲ್ಲಿಟ್ಟ ಹೂಕುಂಡವೇ?

"ಆದ್ರೆ ಮೇಡಂ, ಇವರು ನಮ್ಮಲ್ಲಿ ಓದಿದಾರಾ?" ಎಂದು ಕೇಳಿದಳು. ದೊಡ್ಡಮ್ಮ ಶಾಲೆ ಮುಗಿಸಿ ಅಂಗಡಿಗೆ ಕೂತವಳು ಎಂದೇ ಅವಳು ತಿಳಿದಿದ್ದಳು.

"ಸಂಜೆ ತರಗತಿಗೆ ಸೇರಿದ್ದಾರೆ. ಮುಗಿಸಿಲ್ಲ. ಅದಕ್ಕೇನಂತೆ? ಒಂದು ದಿನ ಬಂದು ಹೋಗಿದ್ರೂ ಅವರು ನಮ್ಮವರೇ."

ಅವರು ನನ್ನ ದೊಡ್ಡಮ್ಮ ಎಂದು ಆಗಲೇ ಹೇಳಬೇಕಿತ್ತು. ನಾಲಿಗೆಯ ತುದಿಯವರೆಗೆ ಬಂತು. ಆದರೆ ಹೇಳಿದರೆ, ಹಾಗಿದ್ರೆ ನೀನೇ ಹೋಗಿ ಕೇಳು ಎಂದು ಮೇಡಂ ಹೇಳುವುದು ಖಂಡಿತ. ಸುಮ್ಮನಿದ್ದರೆ ಬೇರೆ ಯಾರೋ ಹೋಗುತ್ತಾರೆ, ದೊಡ್ಡಮ್ಮ ಅವರಿಗೆ ಮಂಗಳಾರತಿ ಮಾಡಿ ಕಳಿಸುತ್ತಾಳೆ, ಅಲ್ಲಿಗೆ ಮುಗಿಯಿತು. ಅಂಗಡಿಗೆ ಚಂದಾ ಎತ್ತಲು ಬಂದವರನ್ನು ಕೂರಿಸಿಕೊಂಡು, ಅವರ ಸಂಘದ ಹುಳುಕೆಲ್ಲ ಕೆದಕಿ, ಕೊನೆಗೆ ಅವರಿಗೇ ಒಂದು ಡಜನ್ ಗುಂಡಿ ಮಾರಿ ಕಳಿಸಿದ ಹೆಂಗಸು ಆಕೆ. ಗುಬ್ಬಿ ಬಾಯಿ ಮುಚ್ಚಿಕೊಂಡಳು. ದಾನಿಗಳ ಬೆಕ್ಕಿನ ಹೆಸರು ಕೂಡ ತಿಳಿದಿದ್ದ ಮೇಡಂಗೆ ತಮ್ಮ ಕೈಕೆಳಗಿನ ಹುಡುಗಿಯ ಮನೆ ಎಲ್ಲಿದೆ ಎಂಬುದು ತಿಳಿದಿರಲಿಲ್ಲ. ದೊಡ್ಡಮ್ಮನನ್ನು ಅವರು ಬೆಣ್ಣೆಯ ಪಾಲಿಗೆ ಹಾಕಿದರು.

ಮೊದಲ ಭೇಟಿಯಲ್ಲೇ ಬೆಣ್ಣೆ ಗೋಡೆಯ ಮೇಲೆ ಗುಬ್ಬಿಯ ಫೋಟೋ ನೋಡಿ ಬೆಚ್ಚಿದ. ಮರುದಿನ ಪಂಪಿನ ಸದ್ದಿನಲ್ಲಿ ಅವಳ ಹತ್ತಿರ ಬಂದು, "ಒಂದು ಮಾತು ಹೇಳಬಾರ್ದಿತ್ತಾ?" ಎಂದ.

"ಹೇಳಿದ್ರೆ ಬಿಟ್ಬಿಡ್ತಿದ್ದೆಯಾ?"

ಬೆಣ್ಣೆ ಪ್ರಾಮಾಣಿಕವಾಗಿ ಯೋಚಿಸಿದ. "ಇಲ್ಲ ಅನ್ಸುತ್ತೆ. ನನಗೂ ಕಾಯಂ ಆಗ್ಬೇಕಲ್ಲ."

"ಸರಿ, ಪ್ರಯತ್ನ ಮಾಡು. ನಮ್ಮ ದೊಡ್ಡಮ್ಮನ ಹತ್ರ ಒಂದು ಗುಂಡಿ ಕೂಡ ಗಿಟ್ಟಲ್ಲ ನಿನಗೆ."

ಇಬ್ಬರೂ ಮೇಡಂ ಕಿವಿಗೆ ಹಾಕುವುದು ಬೇಡ ಎಂದು ಒಪ್ಪಿಕೊಂಡರು.

ಆದರೆ ದೊಡ್ಡಮ್ಮ ಮಂಗಳಾರತಿ ಮಾಡಲಿಲ್ಲ. ಗುಬ್ಬಿಯ ಆಫೀಸಿನ ಹುಡುಗ ಎಂದು ಒಳಗೆ ಕರೆದಳು, ಕಾಫಿ ಕೊಟ್ಟಳು, ಮತ್ತೆ ಬಾ ಎಂದಳು. ಅವನು ಮತ್ತೆ ಬಂದ. ಮತ್ತೆ ಮತ್ತೆ ಬಂದ. ಗುಬ್ಬಿ ಸಂಜೆ ಮನೆಗೆ ಬಂದರೆ ತೊಳೆದಿಟ್ಟ ಎರಡು ಲೋಟ, ದೊಡ್ಡಮ್ಮನ ಮುಖದಲ್ಲಿ ಎಂದೂ ಕಾಣದ ಒಂದು ಕಳೆ. ಮನೆಯಲ್ಲೇ ಇರುವ ದಿನ ಇಸ್ತ್ರಿ ಮಾಡಿದ ಸೀರೆ ಉಡುವುದನ್ನು ಶುರುಮಾಡಿದ್ದಳು.

"ಎಷ್ಟು ಚೆನ್ನಾಗಿ ಕೇಳ್ತಾನೆ ಕಣೇ ಆ ಹುಡುಗ! ಅಂಗಡಿ ಹೆಂಗೆ ಶುರು ಮಾಡಿದ್ರಿ, ಮೊದಲ ಗಿರಾಕಿ ಯಾರು, ಅಂತೆಲ್ಲ. ನನಗೂ ಮರ್ತೇ ಹೋಗಿತ್ತು. ಇವತ್ತು ನೆನಪು ಬಂತು."

"ಅದು ಅವನ ಕೆಲಸ ದೊಡ್ಡಮ್ಮ. ಹಾಗೆ ಕೇಳೋಕೇ ಸಂಬಳ ಕೊಡ್ತಾರೆ."

"ಗೊತ್ತಮ್ಮ. ಅಂಗಡಿ ನಡೆಸಿದವಳು ನಾನು, ಅಷ್ಟೂ ಗೊತ್ತಾಗಲ್ವಾ? ಆದ್ರೂ ಕೇಳ್ತಾನಲ್ಲ."

ಗುಬ್ಬಿಗೆ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತು. ಪರರ ಮನೆಯ ಒಂಟಿ ಅಜ್ಜಿಯರ ಹತ್ತಿರ ಕೂತು ತಲೆಯಾಡಿಸುವಾಗ ಅದು ಅವಳಿಗೆ ಎಷ್ಟು ಗೌರವದ ಕೆಲಸವಾಗಿ ಕಂಡಿತ್ತು! ಈಗ ಅದೇ ಕೆಲಸ ತನ್ನ ಮನೆಯ ಸೋಫಾದ ಮೇಲೆ ಬಂದು ಕೂತಾಗ ಶುದ್ಧ ಕಳ್ಳತನವಾಗಿ ಕಂಡಿತು. ನ್ಯಾಯಾಧೀಶರ ವಿಧವೆಗೂ ಒಬ್ಬ ಮೊಮ್ಮಗಳೋ ಸೊಸೆಯೋ ಇದ್ದು, ಗುಬ್ಬಿ ಕಾಫಿ ಕುಡಿದಿಟ್ಟ ಲೋಟವನ್ನು ನೋಡಿ ಹೀಗೇ ಹಲ್ಲು ಕಡಿಯುತ್ತಿರಬಹುದು ಎಂಬ ಯೋಚನೆ ಅವಳಿಗೆ ಬರಲೇ ಇಲ್ಲ. ಅಂಥ ಯೋಚನೆಗಳು ಕಾಯಂ ಆಗದವರಿಗೆ ಬರುವಂಥವಲ್ಲ.

ಒಂದು ದಿನ ಬೆಣ್ಣೆ ಅವಳ ಮೇಜಿಗೆ ಬಂದು ಖುಷಿಯಿಂದ ಹೇಳಿದ. "ಅವರನ್ನ ನಮಗೆ ಕಟ್ಟೋ ಕೊಂಡಿ ಸಿಕ್ತು! ಅವರು ನಲವತ್ತು ದಾಟಿದ ಮೇಲೆ ಸಂಜೆ ತರಗತಿ ಸೇರಿದ್ರಂತೆ, ಗಣಿತಕ್ಕೆ. ಅಂಗಡಿ ಮುಚ್ಚಿ ಓಡಿ ಬರ್ತಿದ್ರಂತೆ. ಕ್ಲಾಸಿಗೇ ಮೊದಲು. ವರ್ಷ ತುಂಬೋದ್ರೊಳಗೆ ಬಿಟ್ರಂತೆ."

"ಯಾಕೆ?"

ಬೆಣ್ಣೆಗೆ ಆಗ ಎಚ್ಚರವಾಯಿತು. ಅವನ ಮುಖ ಸಣ್ಣಗಾಯಿತು. "ಮನೆಗೆ ಚಿಕ್ಕ ಮಗು ಬಂತಂತೆ. ಸಂಜೆ ಹೊತ್ತು ನೋಡ್ಕೊಳ್ಳೋಕೆ ಯಾರೂ ಇರ್ಲಿಲ್ಲವಂತೆ."

ಗುಬ್ಬಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದು ತನಗೆ ಗೊತ್ತಾಗದ ಸಂಗತಿ, ಸಂಬಳಕ್ಕೆ ಕಾಫಿ ಕುಡಿಯುವವನಿಗೆ ಗೊತ್ತಾಗಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ಅವಳು ಫೋನನ್ನು ಬೋರಲು ಇಟ್ಟು, ದೊಡ್ಡಮ್ಮನ ಕಡೆ ಬಾಗಿ, ಕಣ್ಣಲ್ಲಿ ಕಣ್ಣಿಟ್ಟು, "ದೊಡ್ಡಮ್ಮ, ಚಿಕ್ಕವಳಿದ್ದಾಗ ನಿನಗೆ ಯಾವುದು ಅಂದ್ರೆ ತುಂಬಾ ಇಷ್ಟ ಇತ್ತು?" ಎಂದು ಕೇಳಿದಳು.

ದೊಡ್ಡಮ್ಮ ತುತ್ತು ಅಲ್ಲೇ ನಿಲ್ಲಿಸಿ, ಎಡಗೈಯಿಂದ ಅವಳ ಹಣೆ ಮುಟ್ಟಿ ನೋಡಿದಳು. "ಜ್ವರ ಏನಾದ್ರೂ ಬಂದಿದೆಯೇನೇ?"

ಗುಬ್ಬಿಯ ಬಾಂಧವ್ಯ ಅಲ್ಲಿಗೇ ನಿಂತುಹೋಯಿತು.

ಇತ್ತ ಮೇಡಂ ಯೋಜನೆ ಸಿದ್ಧಮಾಡಿದ್ದರು. ಆ ಕಟ್ಟಡ ನಾಳೆಯ ಕೊಡುಗೆಯಾಗಿ ಬಂದರೆ, ಕೆಲಸ ಮಾಡುತ್ತ ಸಂಜೆ ಓದುವ ಹೆಂಗಸರಿಗೆ ವಸತಿನಿಲಯ ಮಾಡುವುದು, ಬಾಗಿಲಿಗೆ ದೊಡ್ಡಮ್ಮನ ಹೆಸರು ಹಾಕುವುದು. ಬೆಣ್ಣೆ ಈ ಮಾತನ್ನು ಎತ್ತಿದ. ದೊಡ್ಡಮ್ಮ ಇಲ್ಲ ಎಂದಳು. ಇನ್ನೊಮ್ಮೆ ಬೇರೆ ರೀತಿಯಲ್ಲಿ ಎತ್ತಿದ. ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳಿ ಮತ್ತೆ ಇಲ್ಲ ಎಂದಳು. ಯಾಕೆ ಎಂದು ಮಾತ್ರ ಹೇಳಲಿಲ್ಲ. ಗುಬ್ಬಿಗೆ ಇದನ್ನು ಕೇಳಿ ಹಾಲು ಕುಡಿದಷ್ಟು ಸಂತೋಷವಾಯಿತು. ದೊಡ್ಡಮ್ಮ ಬಿಟ್ಟುಕೊಡುವ ಪೈಕಿ ಅಲ್ಲ, ಅವಳಿಗೆ ಗೊತ್ತೇ ಇತ್ತು.

ಕೊನೆಗೆ ಮೇಡಂ ಯಾರಿಗೂ ಮೊದಲೇ ಹೇಳದೆ, ಬೆಣ್ಣೆಯನ್ನು ಕರೆದುಕೊಂಡು ತಾವೇ ಹೊರಟರು. ಶನಿವಾರ ಬೆಳಿಗ್ಗೆ ಕರೆಗಂಟೆ ಸದ್ದಾದಾಗ ಪೇಪರಿನವನು ಎಂದುಕೊಂಡು ಗುಬ್ಬಿ ತಲೆಗೆ ಆ ಹಳದಿ ಟವೆಲ್ ಸುತ್ತಿಕೊಂಡೇ ಬಾಗಿಲು ತೆಗೆದಳು. ಎದುರಿಗೆ ಹೂಗುಚ್ಛ ಹಿಡಿದ ಮೇಡಂ, ಅವರ ಹಿಂದೆ, ಮೆಟ್ಟಿಲ ಮೇಲೆ ಕರಗಿಹೋಗಲು ಜಾಗ ಹುಡುಕುತ್ತಿದ್ದ ಬೆಣ್ಣೆ.

"ನೀನಿಲ್ಲಿ?"

"ಇದು ನಮ್ಮ ದೊಡ್ಡಮ್ಮನ ಮನೆ, ಮೇಡಂ."

ಬೈಗುಳ ಬರುತ್ತದೆಂದು ಗುಬ್ಬಿ ಕಾದಳು. ಮೇಡಂ ಅಂಥ ಸಾಧಾರಣ ಹೆಂಗಸಾಗಿರಲಿಲ್ಲ. ಒಂದು ಕ್ಷಣ ಬಾಯಿ ತೆರೆದು ನಿಂತವರು, ಮರುಕ್ಷಣ ಕಳೆದುಹೋದ ಒಡವೆ ಸಿಕ್ಕವರ ಹಾಗೆ ಅರಳಿದರು. ಒಳಗೆ ಬಂದು, ದೊಡ್ಡಮ್ಮನ ಕೈಗೆ ಹೂ ಕೊಟ್ಟು, ಕಾಫಿಗೆ ಸಹಾಯ ಮಾಡುವ ನೆಪದಲ್ಲಿ ಗುಬ್ಬಿಯನ್ನು ಅಡುಗೆಮನೆಗೆ ನೂಕಿಕೊಂಡು ಹೋದರು.

"ಮುಚ್ಚಿಟ್ಟಿದ್ದಕ್ಕೆ ಆಮೇಲೆ ಮಾತಾಡೋಣ. ಈಗ ಕೇಳೋದು ನೀನೇ. ನಮಗೆ ಇಲ್ಲ ಅನ್ನಬಹುದು, ನಿನಗೆ ಅನ್ನೋಕೆ ಕಷ್ಟ. ನಾಡಿದ್ದು ನಿನ್ನ ಕಾಯಂ ಕಾಗದ ನನ್ನ ಮೇಜಿಗೆ ಬರುತ್ತೆ. ಅದಕ್ಕೆ ಸಹಿ ಹಾಕ್ತೀನೋ ಇಲ್ವೋ ಅನ್ನೋದು ಇವತ್ತು ಗೊತ್ತಾಗುತ್ತೆ."

ಹಾಲು ಕಾಯುವಷ್ಟು ಹೊತ್ತಿನಲ್ಲಿ ಗುಬ್ಬಿ ಲೆಕ್ಕ ಹಾಕಿ ಮುಗಿಸಿದಳು. ಕೇಳದಿದ್ದರೆ ಕೆಲಸ ಹೋಗುತ್ತದೆ. ಕೇಳಿದರೆ? ದೊಡ್ಡಮ್ಮ ಹೇಗೂ ಇಲ್ಲ ಎನ್ನುತ್ತಾಳೆ. ಬೆಣ್ಣೆಯಂಥ ಬೆಣ್ಣೆಗೇ ಎರಡೂ ಸಲ ಇಲ್ಲ ಎಂದವಳು. ಕೇಳಬೇಕು, ಮೇಡಂ ಮೆಚ್ಚಿ ತಲೆದೂಗುವ ಹಾಗೆ ಕೇಳಬೇಕು. ದೊಡ್ಡಮ್ಮ ಇಲ್ಲ ಎನ್ನುತ್ತಾಳೆ, ಅದು ಗುಬ್ಬಿಯ ತಪ್ಪಲ್ಲ. ಕೆಲಸವೂ ಉಳಿಯಿತು, ಮನೆಯೂ ಉಳಿಯಿತು. ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಳ್ಳುತ್ತ ಅವಳು ಕಾಫಿ ತಟ್ಟೆ ಹಿಡಿದು ಹೊರಗೆ ಬಂದಳು.

ದೊಡ್ಡಮ್ಮನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು.

"ದೊಡ್ಡಮ್ಮ, ನೀನು ಸಂಜೆ ಕ್ಲಾಸು ಬಿಟ್ಟಿದ್ದು ನನಗೋಸ್ಕರ. ನನಗೆ ಗೊತ್ತೇ ಇರ್ಲಿಲ್ಲ. ನೀನು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ."

ಇದು ಅವಳು ಅಡುಗೆಮನೆಯಲ್ಲಿ ಆರಿಸಿಕೊಂಡ ಮೊದಲ ಸಾಲು. ಹೇಳುವಾಗ ದನಿ ಒಡೆಯಿತು. ಒಡೆಯಬೇಕೆಂದು ಅವಳು ಅಂದುಕೊಂಡಿರಲಿಲ್ಲ. ಮೇಡಂ ಮೆಚ್ಚಿಕೊಂಡದ್ದು ಓರೆಗಣ್ಣಿಗೆ ಕಾಣಿಸಿತು.

"ಈಗ್ಲೂ ಹಾಗೇ ಇದಾರೆ ದೊಡ್ಡಮ್ಮ. ಹಗಲೆಲ್ಲ ದುಡಿದು, ಸಂಜೆ ಓದೋಕೆ ಬಂದು, ಕೊನೆ ಬಸ್ಸು ತಪ್ಪಿ, ನಾಲ್ಕು ದಿನ ನೋಡಿ ಬಿಟ್ಬಿಡೋರು. ಅವರಿಗೆ ಹತ್ರದಲ್ಲಿ ಒಂದು ಮನೆ ಇದ್ರೆ ಬಿಡಲ್ಲ. ನೀನಿರೋ ತನಕ ಇದು ನಿಂದೇ. ಆಮೇಲೆ ಈ ಮನೇನ ಅವರಿಗೆ ಕೊಡು ದೊಡ್ಡಮ್ಮ. ನಿನ್ನ ಹೆಸರಲ್ಲಿ ಅವರು ಓದು ಮುಗಿಸ್ಲಿ."

ಕೇಳಿದ ಮೇಲೆ ತುಟಿ ಬಿಚ್ಚಬಾರದು ಎಂಬುದು ಈ ಕಸುಬಿನ ನಿಯಮ. ಗುಬ್ಬಿ ಸುಮ್ಮನಾದಳು, ಮೇಡಂ ಸುಮ್ಮನಿದ್ದರು. ಬೆಣ್ಣೆ ಬಿಸ್ಕತ್ತನ್ನು ಕೈಯಲ್ಲಿ ಹಿಡಿದವನು ಕಚ್ಚಲಿಲ್ಲ. ಕೆಳಗಿನ ಕನ್ನಡಕದ ಅಂಗಡಿಯಲ್ಲಿ ಯಾರೋ ಕಣ್ಣು ಪರೀಕ್ಷೆಗೆ ಗೋಡೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದಿ ಹೇಳುತ್ತಿದ್ದುದು ಕೇಳಿಸುತ್ತಿತ್ತು. ಈಗ ಇಲ್ಲ ಎನ್ನುತ್ತಾಳೆ, ಈಗ ಎನ್ನುತ್ತಾಳೆ ಎಂದು ಗುಬ್ಬಿ ದೊಡ್ಡಮ್ಮನ ತುಟಿಯನ್ನೇ ನೋಡುತ್ತಿದ್ದಳು.

ದೊಡ್ಡಮ್ಮ ಮೇಡಂ ಕಡೆ ತಿರುಗಿದಳು.

"ಈ ಹುಡುಗ ಕೇಳಿದಾಗ ಇಲ್ಲ ಅಂದೆ ಮೇಡಂ. ಯಾಕೆ ಅಂತ ಹೇಳ್ಲಿಲ್ಲ, ಬೇಜಾರು ಮಾಡ್ಕೋತಾನೆ ಅಂತ. ಈ ಮನೆ ನನ್ನದಲ್ಲ. ಇವಳು ಬಂದ ದಿನದಿಂದ ಇವಳದೇ ಅಂದ್ಕೊಂಡು ಇಟ್ಟಿದ್ದೆ. ಇವಳದ್ದನ್ನ ತೆಗೆದು ಕೊಡೋಕೆ ನನಗೇನು ಹಕ್ಕು?" ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಈಗ ಇವಳೇ ನನಗೆ ಬೇಡ, ಅವರಿಗೆ ಕೊಡು ಅಂತಿದಾಳೆ. ಇನ್ನು ನಾನ್ಯಾರು ಅಡ್ಡ ಬರೋಕೆ? ಎಲ್ಲಿ ಸಹಿ ಹಾಕ್ಬೇಕೋ ಹೇಳಿ. ಆದ್ರೆ ಬಾಗಿಲಿಗೆ ನನ್ನ ಹೆಸರು ಬೇಡ. ಗುಬ್ಬಿ ಹೆಸರು ಹಾಕ್ಸಿ. ಕೊಟ್ಟವಳು ಅವಳು."

ಮೇಡಂ ಎದ್ದು ಇಬ್ಬರನ್ನೂ ತಬ್ಬಿಕೊಂಡರು. ಗುಬ್ಬಿಯ ಕಿವಿಯಲ್ಲಿ, "ಕಾಯಂ ಆಯ್ತು ಅಂತ ತಿಳ್ಕೋ, ಇಷ್ಟು ಚೆನ್ನಾಗಿ ಕೇಳಿದವರನ್ನ ನಾನು ಈ ಕಸುಬಲ್ಲೇ ನೋಡಿಲ್ಲ" ಎಂದರು. ಗುಬ್ಬಿ ಮೆಟ್ಟಿಲವರೆಗೆ ಕಳಿಸಲು ಹೋದಾಗ ಬೆಣ್ಣೆ ಹಿಂದೆ ಉಳಿದು, "ನೀನು ನಿಜವಾಗ್ಲೂ ಕೊಡಬೇಕು ಅಂತಾನೇ ಕೇಳಿದ್ಯಾ?" ಎಂದು ಪಿಸುಗುಟ್ಟಿದ. ಅವಳು ಬಾಗಿಲು ಹಾಕಿದಳು.

ಸತ್ಯ ಹೇಳಿಬಿಡಬೇಕು ಎಂದು ನಿರ್ಧರಿಸಿಕೊಂಡೇ ಅವಳು ಒಳಗೆ ಬಂದಳು. ಇನ್ನೂ ಏನೂ ಕೈಮೀರಿರಲಿಲ್ಲ. ದೊಡ್ಡಮ್ಮ, ನಾನು ಸುಮ್ಮನೆ ಕೇಳಿದೆ, ನೀನು ಇಲ್ಲ ಅಂತೀಯ ಅಂದುಕೊಂಡಿದ್ದೆ, ಮನೆ ನನಗೆ ಬೇಕು. ಇಷ್ಟು ಹೇಳಿದರೆ ಸಾಕಿತ್ತು.

ದೊಡ್ಡಮ್ಮ ಫೋನಿನಲ್ಲಿದ್ದಳು. ಆ ಕಡೆ ಇದ್ದವನು ಅವಳ ತಮ್ಮ, ಗುಬ್ಬಿಗೆ ಮಾವ. ಅಕ್ಕನಿಗೆ ತಂಗಿಯ ಮಗಳ ಮೇಲೆ ಇಷ್ಟೊಂದು ಮೋಹ ಒಳ್ಳೆಯದಲ್ಲ ಎಂದು ವರ್ಷಗಟ್ಟಲೆ ಹೇಳುತ್ತ ಬಂದವನು.

"ನೀನು ಏನಂದಿದ್ದೆ? ಆ ಹುಡುಗಿ ನಿನ್ನ ಜೊತೆ ಇರೋದು ಮನೆ ಆಸೆಗೆ, ಹುಷಾರು ಅಂದಿದ್ದೆ ಅಲ್ವಾ? ಈಗ ಕೇಳು. ನಾನೇನೂ ಹೇಳ್ಕೊಡ್ಲಿಲ್ಲ ಕಣೋ. ತಾನಾಗೇ ಬಂದು ಎದುರಿಗೆ ಕೂತು ಕೇಳಿದ್ಲು. ನನಗೆ ಬೇಡ, ಓದೋರಿಗೆ ಕೊಡು ಅಂತ. ನಾನು ಕ್ಲಾಸು ಬಿಟ್ಟಿದ್ದನ್ನ ನೆನೆದು ಅತ್ತುಬಿಟ್ಲು ಮಗು. ಇನ್ಮೇಲೆ ಅವಳ ಬಗ್ಗೆ ಒಂದು ಮಾತಾಡಿದ್ರೆ ನೋಡು!"

ಗುಬ್ಬಿ ಬಾಗಿಲ ಹತ್ತಿರ ನಿಂತಳು. ದೊಡ್ಡಮ್ಮ ಅಷ್ಟು ಗಟ್ಟಿಯಾಗಿ, ಅಷ್ಟು ಸಂತೋಷವಾಗಿ ಯಾರ ಮೇಲೂ ಜಗಳಕ್ಕೆ ಹೋದದ್ದನ್ನು ಅವಳು ನೋಡಿರಲಿಲ್ಲ. ಇಷ್ಟು ವರ್ಷ ಈ ಹೆಂಗಸು ಆ ಮಾತನ್ನು ಎದೆಯಲ್ಲಿಟ್ಟುಕೊಂಡೇ ತನಗೆ ಊಟ ಬಡಿಸುತ್ತಿದ್ದಳು. ಮಾವ ಹೇಳಿದ್ದು ನಿಜವಿರಬಹುದೇ ಎಂದು ಒಂದಲ್ಲ ಒಂದು ದಿನ ಕೇಳಿಕೊಂಡಿರಲೂಬಹುದು.

"ಏನಂದೆ? ನಂಬಿಕೆ ಇಲ್ವಾ? ಇರು, ಅವಳನ್ನೇ ಕೇಳು." ದೊಡ್ಡಮ್ಮ ಫೋನನ್ನು ಅವಳ ಕಡೆ ಚಾಚಿದಳು. "ತಗೋಳೇ. ನಿಮ್ಮ ಮಾವನಿಗೆ ನಿನ್ನ ಬಾಯಿಂದಾನೇ ಕೇಳ್ಬೇಕಂತೆ."

ಫೋನು ಬಿಸಿಯಾಗಿತ್ತು. ಆ ಕಡೆಯಿಂದ ಮಾವನ ದನಿ ನೇರವಾಗಿ ಬಂತು. "ಏನಮ್ಮ, ಹೌದಾ? ಮನೆ ಬೇಡ ಅಂತ ನಿಜವಾಗ್ಲೂ ನೀನೇ ಕೇಳಿದ್ಯಾ?"

ದೊಡ್ಡಮ್ಮ ಒಂದು ಹೆಜ್ಜೆ ಹತ್ತಿರ ಬಂದು, ಅವಳ ಮುಖವನ್ನೇ ನೋಡುತ್ತ ನಿಂತಿದ್ದಳು.

"ಹೌದು ಮಾವ," ಎಂದಳು ಗುಬ್ಬಿ. "ನಾನೇ ಕೇಳಿದೆ."